ಕುಸುಮಾ ಮಾಡಿದ ಅಂಜೂರದ ತಿಂಡಿ

ಬಳ್ಳಾರಿಯಲ್ಲಿ ಪಂಪಾಪತಿ, ವಿರೂಪಣ್ಣ ಎಂಬ ಅಣ್ಣತಮ್ಮಂದಿರು ಶಾಮಿಯಾನ ಮತ್ತು ಅಡುಗೆ ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಇಟ್ಟುಕೊಂಡಿದ್ದರು. ಎರಡು ಸಂಸಾರ, ಒಂದೇ ಮನೆ, ಒಂದೇ ಅಡುಗೆ. ಅಣ್ಣನ ಹೆಂಡತಿ ಸರ್ವಮಂಗಳಾ. ತಮ್ಮನ ಹೆಂಡತಿ ಕುಸುಮಾ.

ಸರ್ವಮಂಗಳಾಳ ಕೈರುಚಿ ಓಣಿಗೆಲ್ಲ ಗೊತ್ತಿತ್ತು. ಅವಳ ಹೋಳಿಗೆ ತಿಂದವರು ಎರಡು ದಿನ ಅದರ ಮಾತಾಡುತ್ತಿದ್ದರು. ಕುಸುಮಾಳಿಗೆ ಮಾತ್ರ ಅಡುಗೆ ಒಲಿಯಲೇ ಇಲ್ಲ. ನಾಲ್ಕು ವರ್ಷದವಳಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಬೆಳೆದದ್ದು ಹಾಸ್ಟೆಲಿನಲ್ಲಿ. ಹಿಟ್ಟು ಕಲಸುವುದನ್ನೂ ಒಗ್ಗರಣೆ ಹಾಕುವುದನ್ನೂ ಪಕ್ಕದಲ್ಲಿ ನಿಂತು ಹೇಳಿಕೊಟ್ಟವರು ಯಾರೂ ಇರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಳು. ಆ ಕಥೆಯನ್ನು ಸರ್ವಮಂಗಳಾ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು. ಕುಸುಮಾ ತಾನೂ ನಗುತ್ತಿದ್ದಳು. ತರಕಾರಿ ಹೆಚ್ಚಿಕೊಟ್ಟು, ಪಾತ್ರೆ ಒರೆಸಿಟ್ಟು, ಹಿಂದಿನ ಕೋಣೆಗೆ ಹೋಗಿ ಹರಿದ ಶಾಮಿಯಾನದ ಬಟ್ಟೆಗಳಿಗೆ ಮಿಷನ್ ಹೊಲಿಗೆ ಹಾಕುತ್ತಾ ಕೂರುತ್ತಿದ್ದಳು. ಹೀಗೆ ಎಂಟು ವರ್ಷ ಕಳೆದವು. ಇಬ್ಬರ ನಡುವೆ ಒಂದು ಜಗಳವೂ ಆಗಿರಲಿಲ್ಲ. ಓರಗಿತ್ತಿಯರು ಅಂದರೆ ಹೀಗಿರಬೇಕು ಎಂದು ಅಕ್ಕಪಕ್ಕದವರು ಹೇಳುತ್ತಿದ್ದರು.

ಸರ್ವಮಂಗಳಾಳ ಮಗಳು ಸೌಭಾಗ್ಯಳಿಗೆ ದಾವಣಗೆರೆಯ ಕಡೆ ಸಂಬಂಧ ಗೊತ್ತಾಯಿತು. ನಿಶ್ಚಯವಾದ ಮೇಲೆ ಗಂಡಿನ ಮನೆಯವರು ಮೊದಲ ಸಲ ಊಟಕ್ಕೆ ಬರುವವರಿದ್ದರು. ಬೀಗರು ಬರುವ ದಿನಕ್ಕೆ ಸರ್ವಮಂಗಳಾ ಹದಿನೆಂಟು ಬಗೆಯ ಅಡುಗೆ ಲೆಕ್ಕ ಹಾಕಿದ್ದಳು. ಬೆಳಗಿನ ಜಾವವೇ ಎದ್ದು ಬೇಳೆ ಬೇಯಿಸಲು ಇಟ್ಟಳು. ಅವರು ಬರುವುದು ಹನ್ನೆರಡಕ್ಕೆ ಎಂದಿತ್ತು. ಒಂಬತ್ತೂವರೆಗೆ ಫೋನ್ ಬಂತು. ದಾರಿಯಲ್ಲಿ ಗಾಡಿಗಳೇ ಇಲ್ಲ, ಇನ್ನು ಮುಕ್ಕಾಲು ಗಂಟೆಯಲ್ಲಿ ಮನೆಯಲ್ಲಿರುತ್ತೇವೆ ಎಂದರು.

ಸರ್ವಮಂಗಳಾ ಒಲೆಯ ಮುಂದೆ ನಿಂತಲ್ಲೇ ನಿಂತಳು. ಹೂರಣ ಇನ್ನೂ ರುಬ್ಬಿರಲಿಲ್ಲ. ಬದನೆಕಾಯಿಗೆ ಮಸಾಲೆ ತುಂಬಿರಲಿಲ್ಲ. ಬಂದ ಕೂಡಲೇ ಕೈಗೆ ಕೊಡಲು ಏನೂ ಇರಲಿಲ್ಲ. ಬೇಕರಿಯಿಂದ ಖಾರ ತರಿಸೋಣವೆಂದರೆ ಗಂಡಿನ ಅಜ್ಜಿಗೆ ಹಲ್ಲಿಲ್ಲ, ಅದೂ ಗೊತ್ತಿತ್ತು.

ಆಗ ಕುಸುಮಾ ಒಳಗೆ ಬಂದಳು. ಪಾಯಸಕ್ಕೆಂದು ತಂದ ಹಾಲಿನಲ್ಲಿ ಎರಡು ಲೀಟರ್ ತನಗೆ ಕೊಡಿ ಎಂದಳು. ಹಿಂದಿನ ದಿನ ಸಂತೆಯಿಂದ ತಂದ ಅಂಜೂರ ಬುಟ್ಟಿಯಲ್ಲೇ ಇತ್ತು. ಅದನ್ನೂ ಕೇಳಿದಳು.

"ಏನು ಮಾಡ್ತೀಯ ಅದರಲ್ಲಿ?" ಎಂದು ಸರ್ವಮಂಗಳಾ ಕೇಳಿದಳು.

"ನಮ್ಮಪ್ಪ ಮಾಡ್ತಿದ್ದದ್ದು ಅಕ್ಕ. ಅರ್ಧ ಗಂಟೆ ಸಾಕು."

ಕುಸುಮಾಳ ತಂದೆ ಸಂಡೂರಿನ ಹತ್ತಿರ ಒಂದು ಸಣ್ಣ ಡೈರಿಯಲ್ಲಿ ಕೆಲಸಕ್ಕಿದ್ದವರು. ರಜೆಗೆ ಬಂದ ಮಗಳಿಗೆ ಅವರು ಕಲಿಸಿದ್ದು ಇದೊಂದನ್ನೇ. ಅವಳು ಹಾಲು ಉಕ್ಕಿದ ತಕ್ಷಣ ಇಳಿಸಿ ಎರಡು ನಿಮಿಷ ಸುಮ್ಮನೆ ಬಿಟ್ಟಳು. ಕಡೆದ ಮೊಸರಿಗೆ ನಾಲ್ಕು ಹನಿ ನಿಂಬೆರಸ ಬೆರೆಸಿ, ಅದನ್ನು ಹಾಲಿಗೆ ಸ್ವಲ್ಪ ಸ್ವಲ್ಪವೇ ಹಾಕುತ್ತಾ ಸೌಟು ತಿರುಗಿಸಿದಳು. ಹಾಲು ಒಡೆದು ತಿಳಿನೀರು ಬಿಟ್ಟಾಗ ಒಂದು ಚೊಂಬು ತಣ್ಣೀರು ಸುರಿದಳು. ತೆಳು ಬಟ್ಟೆಯಲ್ಲಿ ಸೋಸಿ, ಹಿಂಡದೆ, ನಲ್ಲಿಗೆ ಕಾಲು ಗಂಟೆ ಕಟ್ಟಿಟ್ಟಳು. ಆಮೇಲೆ ಬಿಚ್ಚಿ ನೋಡಿದರೆ ಪನೀರು ಬೆಣ್ಣೆಯಷ್ಟು ಮೆತ್ತಗಿತ್ತು. ಚಿಟಿಕೆ ಉಪ್ಪು, ಕುಟ್ಟಿದ ಮೆಣಸು ಸೇರಿಸಿ ಬೆರಳಲ್ಲೇ ಮಿದ್ದಳು. ಹಣ್ಣಾದ ಅಂಜೂರವನ್ನು ಬುಡ ಬಿಡದಂತೆ ಮೇಲಿಂದ ನಾಲ್ಕಾಗಿ ಸೀಳಿ, ಬಿಡಿಸಿ, ನಡುವೆ ಒಂದೊಂದು ಚಮಚ ಪನೀರು ಇಟ್ಟಳು. ಮೇಲೆ ಒಂದು ಹನಿ ಜೇನು. ಅಷ್ಟೇ.

ಸರ್ವಮಂಗಳಾ ಹೂರಣ ರುಬ್ಬುತ್ತಾ ಒಮ್ಮೆ ಈ ಕಡೆ ನೋಡಿದಳು. ಇದೇನು ಅಡುಗೆಯೇ, ಹಣ್ಣಿನ ಮೇಲೆ ಪನೀರು ಇಡುವುದಕ್ಕೆ ಇಷ್ಟು ಹೊತ್ತು ಬೇಕಾ ಎಂದು ಮಗಳ ಮುಂದೆ ನಕ್ಕಳು. ಕುಸುಮಾ ತಲೆ ಎತ್ತಲಿಲ್ಲ. ಮೊದಲ ತಟ್ಟೆ ತುಂಬಿಸಿ ಅಕ್ಕನ ಕೈಗೆ ಕೊಟ್ಟಳು. ಎರಡನೆಯದನ್ನು ತುಂಬಿಸತೊಡಗಿದಳು.

ಬೀಗರು ಬಂದು ಕೂತರು. ತಟ್ಟೆ ಕೈಯಿಂದ ಕೈಗೆ ಹೋಯಿತು. ಗಂಡಿನ ಅಜ್ಜಿ ಮಹಾದೇವಮ್ಮ ಒಂದು ಅಂಜೂರ ಬಾಯಿಗಿಟ್ಟುಕೊಂಡವರು ಮಾತು ನಿಲ್ಲಿಸಿದರು. ಇನ್ನೊಂದು ತೆಗೆದುಕೊಂಡರು. ಮೂರನೆಯದಕ್ಕೂ ಕೈ ಚಾಚಿದರು. ನೆಂಟರ ಮನೆಗಳಲ್ಲಿ ಎಲ್ಲರೂ ತನಗೆ ಹಾಲು ಕೊಟ್ಟು ಕೂರಿಸುತ್ತಾರೆ, ಉಳಿದವರ ಜೊತೆ ಉಳಿದವರ ತಿಂಡಿಯನ್ನೇ ತಿಂದು ಎಷ್ಟೋ ದಿನವಾಗಿತ್ತು ಎಂದರು. ಆಮೇಲೆ ಕೇಳಿದರು:

"ಇದನ್ನ ಮಾಡಿದವರು ಯಾರವ್ವ?"

ಕುಸುಮಾ ಎರಡನೆಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ನಾನೇ ಮಾಡಿದ್ದು" ಎಂದಳು ಸರ್ವಮಂಗಳಾ.

ಅವಳು ಯೋಚಿಸಿ ಹೇಳಿದ ಮಾತಲ್ಲ ಅದು. ಇಪ್ಪತ್ತು ವರ್ಷದಿಂದ ಆ ಮನೆಯಲ್ಲಿ ಯಾರು ಯಾವ ತಿಂಡಿಯ ಬಗ್ಗೆ ಕೇಳಿದರೂ ಅದೇ ಉತ್ತರವಿತ್ತು, ಬಾಯಿಗೆ ಅದೇ ಬಂತು. ಹೇಳಿದ ಮೇಲೆ ಅವಳ ಕಣ್ಣು ಬಾಗಿಲ ಕಡೆ ಹೋಯಿತು. ಕುಸುಮಾ ಬಂದು ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಎಲ್ಲರಿಗೂ ಕೈಮುಗಿದಳು. ಒಳಗೆ ಹೋದಳು.

ಆಮೇಲೆ ಹೇಳಿದರಾಯಿತು ಎಂದುಕೊಂಡಳು ಸರ್ವಮಂಗಳಾ. ಊಟದ ಹೊತ್ತಿಗೆ ಹೇಳಬಹುದಿತ್ತು. ಆಗ ಹೋಳಿಗೆಯ ಹೊಗಳಿಕೆ ನಡೆದಿತ್ತು. ಬೀಗರು ಕಾರು ಹತ್ತುವಾಗ ಹೇಳಬಹುದಿತ್ತು. ಆಗ ಮಹಾದೇವಮ್ಮ ಅವಳ ಕೈ ಹಿಡಿದುಕೊಂಡು, ಮದುವೆಯ ಹಿಂದಿನ ಸಂಜೆ ಬಂದವರಿಗೆಲ್ಲ ಮೊದಲು ಆ ಅಂಜೂರವನ್ನೇ ಕೊಡಿ, ಇದೊಂದೇ ನನ್ನ ಬೇಡಿಕೆ ಎಂದರು. ಅಷ್ಟು ಪ್ರೀತಿಯಿಂದ ಹಿಡಿದ ಕೈಯನ್ನು ಬಿಡಿಸಿಕೊಂಡು ನಿಜ ಹೇಳಲು ಅವಳಿಂದ ಆಗಲಿಲ್ಲ. ಕೊನೆಗೆ ಗಂಡನಿಗಾದರೂ ಹೇಳಬಹುದಿತ್ತು. ಅಂಜೂರದ ತಿಂಡಿ ಬಹಳ ಚೆನ್ನಾಗಿತ್ತು ಎಂದು ಅವನೂ ಹೊಗಳಿದ. ಅವಳು ಹೂಂ ಎಂದಳು.

ಕುಸುಮಾ ಎಂದಿನಂತೆ ತರಕಾರಿ ಹೆಚ್ಚಿದಳು, ಪಾತ್ರೆ ಒರೆಸಿದಳು.

ಮದುವೆಗೆ ಮೂರು ತಿಂಗಳಿತ್ತು. ಸರ್ವಮಂಗಳಾ ಮನೆಯಲ್ಲಿ ಯಾರೂ ಇಲ್ಲದಾಗ ಹಾಲು ಒಡೆಸಿ ನೋಡಿದಳು. ಅವಳಿಗೆ ಗೊತ್ತಿದ್ದದ್ದು ಪಲ್ಯಕ್ಕೆ ಹಾಕುವ ಗಟ್ಟಿ ಪನೀರು. ಕುದಿಯುವ ಹಾಲಿಗೇ ನಿಂಬೆ ಹಿಂಡಿದಳು, ಬಟ್ಟೆಯಲ್ಲಿ ಕಟ್ಟಿ ಮೇಲೆ ಕಲ್ಲು ಹೇರಿದಳು. ಪನೀರು ರಬ್ಬರಿನಂತಾಯಿತು. ಇನ್ನೊಮ್ಮೆ ಮಾಡಿದಾಗ ರವೆ ರವೆಯಾಯಿತು. ಅವತ್ತು ಕುಸುಮಾ ಮಾಡುವಾಗ ತಾನು ಸರಿಯಾಗಿ ನೋಡಿಯೇ ಇರಲಿಲ್ಲ ಎಂಬುದು ಆಗ ಅವಳಿಗೆ ತಿಳಿಯಿತು. ಚಿಕ್ಕಮ್ಮನನ್ನೇ ಕೇಳಿದರಾಗದೇ ಎಂದು ಸೌಭಾಗ್ಯ ಒಮ್ಮೆ ಮೆಲ್ಲಗೆ ಕೇಳಿದಳು. ತಾಯಿಯ ಮುಖ ನೋಡಿ ಮತ್ತೆ ಆ ಸುದ್ದಿ ಎತ್ತಲಿಲ್ಲ.

ಮದುವೆಯ ಎರಡು ದಿನ ಮುಂಚೆ ಕುಸುಮಾ ತಾನಾಗಿಯೇ ಬಂದಳು. ಸರ್ವಮಂಗಳಾ ಒಬ್ಬಳೇ ಕೂತು ಅರಿಶಿನ ಕುಂಕುಮದ ಪೊಟ್ಟಣ ಕಟ್ಟುತ್ತಿದ್ದಳು. ಕುಸುಮಾ ಪಕ್ಕದಲ್ಲಿ ಕೂತು ತಾನೂ ನಾಲ್ಕು ಪೊಟ್ಟಣ ಕಟ್ಟಿದಳು. ಆಮೇಲೆ ಹೇಳಿದಳು:

"ಅಕ್ಕ, ಆ ಅಂಜೂರದ್ದು ಅಡುಗೆಯವರಿಗೆ ಬಿಡಬೇಡಿ. ನಾನು ಹಿಂದುಗಡೆ ನಿಂತು ಮಾಡಿಸಿಕೊಡ್ತೀನಿ. ಯಾರಿಗೂ ಗೊತ್ತಾಗಲ್ಲ."

ಮಕ್ಕಳೇ, ದೊಡ್ಡವರೇ, ಇದನ್ನು ಓದುವ ಎಲ್ಲರೂ ಇಲ್ಲಿ ಒಂದು ಕ್ಷಣ ನಿಲ್ಲಿ. ಅನ್ಯಾಯವಾದವಳೇ ಎದ್ದು ಬಂದು, ಅನ್ಯಾಯ ಮಾಡಿದವಳ ಮರ್ಯಾದೆ ಉಳಿಸಲು ದಾರಿ ತೋರಿಸಿದ್ದಳು. ಸರ್ವಮಂಗಳಾ ಆಗ ಅವಳ ಕೈ ಹಿಡಿದು, ತಪ್ಪಾಯಿತು ಎಂದಿದ್ದರೆ ಸಾಕಿತ್ತು. ಅವಳಿಗೂ ಹಾಗೆ ಅನ್ನಿಸಿತು. ಆದರೆ ಯಾರಿಗೂ ಗೊತ್ತಾಗಲ್ಲ ಎಂಬ ಮಾತು ಅವಳಿಗೆ ಚುಚ್ಚಿತು. ಇವಳಿಗೆ ಎಲ್ಲ ನೆನಪಿದೆ, ಇವಳ ಋಣಕ್ಕೆ ನಾನು ಬೀಳಬೇಕೇ ಎಂದುಕೊಂಡಳು.

"ಬೇಡ ಬಿಡು, ಅಡುಗೆಯವರಿಗೆ ಹೇಳಿದೀನಿ. ನೀನು ಬಂದವರನ್ನ ನೋಡಿಕೋ" ಎಂದಳು.

ಕುಸುಮಾ ಆಗಲಿ ಎಂದಳು. ಕಟ್ಟಿದ ಪೊಟ್ಟಣಗಳನ್ನು ತಟ್ಟೆಯಲ್ಲಿ ಜೋಡಿಸಿಟ್ಟು ಎದ್ದಳು.

ಮದುವೆಯ ಹಿಂದಿನ ಸಂಜೆ ಅಂಜೂರಗಳು ದೊಡ್ಡ ತಟ್ಟೆಗಳಲ್ಲಿ ಬಂದವು. ನೋಡಲು ಚೆಂದವಾಗಿಯೇ ಇದ್ದವು. ಗಟ್ಟಿ ಪನೀರನ್ನು ತುರಿದು ಒತ್ತಿ ತುಂಬಿದ್ದರು. ಜನ ಒಂದೊಂದು ತಿಂದು ಮುಂದೆ ಹೋದರು. ಮಹಾದೇವಮ್ಮ ಒಂದನ್ನು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದರು. ಆಮೇಲೆ ಕರವಸ್ತ್ರ ಬಾಯಿಗೆ ಅಡ್ಡ ಹಿಡಿದರು. ಸರ್ವಮಂಗಳಾ ಎದುರಿಗೇ ನಿಂತಿದ್ದಳು.

"ಅವತ್ತು ಇದನ್ನ ಮಾಡಿದವರು ಇವತ್ತು ಅಡುಗೆಮನೆಗೆ ಹೋಗಿಲ್ಲ ಅಂತ ಕಾಣುತ್ತೆ" ಎಂದರು ಅಜ್ಜಿ.

ಅದರಲ್ಲಿ ಕೋಪವಿರಲಿಲ್ಲ, ಕೊಂಕೂ ಇರಲಿಲ್ಲ. ಹತ್ತು ಹೆಜ್ಜೆ ಆಚೆ ಕುಸುಮಾ ಬಂದವರಿಗೆ ಪನ್ನೀರು ಚಿಮುಕಿಸುತ್ತಾ ನಿಂತಿದ್ದಳು. ಕೇಳಿಸಿತೋ ಇಲ್ಲವೋ, ಈ ಕಡೆ ತಿರುಗಲಿಲ್ಲ.

ಮದುವೆ ಮುಗಿದ ತಿಂಗಳಿಗೆ ಅಣ್ಣತಮ್ಮಂದಿರು ಕೊಪ್ಪಳದಲ್ಲಿ ಇನ್ನೊಂದು ಅಂಗಡಿ ತೆರೆದರು. ಅದನ್ನು ನೋಡಿಕೊಳ್ಳಲು ವಿರೂಪಣ್ಣ ಹೆಂಡತಿಯೊಂದಿಗೆ ಅಲ್ಲಿಗೆ ಹೋಗುವುದೆಂದಾಯಿತು. ಇದು ವರ್ಷದ ಹಿಂದೆಯೇ ಮಾತಾಗಿದ್ದ ಕೆಲಸ, ಯಾರ ಮೇಲಿನ ಸಿಟ್ಟಿಗೂ ಆದದ್ದಲ್ಲ. ಸಾಮಾನು ಹೇರುವ ದಿನ ಸರ್ವಮಂಗಳಾ ಮಾತಾಡಬೇಕೆಂದು ಎರಡು ಸಲ ಹಿಂದಿನ ಕೋಣೆಗೆ ಹೋದಳು. ಎರಡು ಸಲವೂ ಅಲ್ಲಿ ಹಮಾಲರು ಹೊಲಿಗೆ ಮಿಷನ್ ಎತ್ತುತ್ತಿದ್ದರು. ಕುಸುಮಾ ಅವಳ ಕಾಲಿಗೆ ನಮಸ್ಕಾರ ಮಾಡಿ ಗಾಡಿ ಹತ್ತಿದಳು.

ಮನೆ ಖಾಲಿಯಾದ ಮೇಲೆ ಆ ಒಂದು ಮಾತು ಸರ್ವಮಂಗಳಾಳಿಗೆ ದಿನವೂ ಕೇಳಿಸತೊಡಗಿತು. ನಾನೇ ಮಾಡಿದ್ದು. ಅಷ್ಟು ಸಣ್ಣ ಮಾತು. ಅದನ್ನು ತಿದ್ದಲು ಒಂದು ನಿಮಿಷ ಸಾಕಿತ್ತು, ಮೂರು ತಿಂಗಳ ಕಾಲಾವಕಾಶವಿತ್ತು. ಐದು ತಿಂಗಳು ತಡೆದು, ಕೊನೆಗೊಂದು ಬೆಳಿಗ್ಗೆ ಬಸ್ಸು ಹತ್ತಿ ಕೊಪ್ಪಳಕ್ಕೆ ಹೋದಳು.

ಕುಸುಮಾ ಮುಂಬಾಗಿಲಿಗೆ ಬಂದು ಕೈಚೀಲ ಇಸಿದುಕೊಂಡಳು. ಚಾಪೆ ಹಾಸಿದಳು, ನೀರು ಕೊಟ್ಟಳು. ಸರ್ವಮಂಗಳಾ ನೀರು ಕುಡಿಯುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟಳು. ಬೀಗರ ಮುಂದೆ ಹೇಳಿದ ಸುಳ್ಳು, ಕದ್ದು ಮಾಡಿ ನೋಡಿದ್ದು, ಅಜ್ಜಿಯ ಮಾತು, ಯಾವುದನ್ನೂ ಬಿಡಲಿಲ್ಲ. ಅತ್ತಳು. ಕುಸುಮಾ ಎಲ್ಲವನ್ನೂ ಕೇಳಿ ಹೇಳಿದಳು:

"ಎಂಟು ವರ್ಷ ನೀವು ನನ್ನ ಅಡುಗೆಗೆ ನಕ್ಕಿರಿ. ನನಗೆ ಬೇಜಾರಾಗಿರಲಿಲ್ಲ ಅಕ್ಕ. ನನಗೆ ಬರ್ತಿರಲಿಲ್ಲ, ನೀವು ನಕ್ಕಿರಿ. ಅವತ್ತು ಒಂದು ದಿನ ನನಗೆ ಬಂದಿತ್ತು."

ಸರ್ವಮಂಗಳಾ ಕ್ಷಮಿಸು ಎಂದಳು. ಕ್ಷಮಿಸದೆ ಏನು, ಅವತ್ತೇ ಬಿಟ್ಟುಬಿಟ್ಟೆ ಎಂದಳು ಕುಸುಮಾ. ಅದು ನಿಜವೇ ಆಗಿತ್ತು. ಊಟ ಮಾಡಿಸಿ, ಸಂಜೆಯ ಬಸ್ಸಿಗೆ ತಾನೇ ಬಂದು ಕೂರಿಸಿದಳು.

ಅಲ್ಲಿಂದ ಬಂದ ವಾರಕ್ಕೆ ಸರ್ವಮಂಗಳಾ ಮಗಳ ಮನೆಗೆ ಹೋಗಿ, ಬೀಗರೆಲ್ಲ ಕೂತಿರುವಾಗ ನಿಜ ಹೇಳಿದಳು. ಅವರು ನಕ್ಕರು. ಇಷ್ಟಕ್ಕೆ ಇಷ್ಟು ದೂರ ಬಂದಿರಾ ಎಂದರು. ಮಹಾದೇವಮ್ಮ ಮಾತ್ರ ನಗಲಿಲ್ಲ. ಅವತ್ತೇ ಹೇಳಿದ್ದರೆ ಆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ಮಾತಾಡಬಹುದಿತ್ತು ಎಂದರು. ಈಗ ಫೋನಿನಲ್ಲಿ ಹೇಳಿದರೆ ಅದು ಹೊಗಳಿಕೆಯಾಗುವುದಿಲ್ಲ, ಬರೀ ಸಮಾಧಾನ ಹೇಳಿದಂತಾಗುತ್ತದೆ ಎಂದರು.

ಈಗಲೂ ಯುಗಾದಿಗೆ, ದೀಪಾವಳಿಗೆ ವಿರೂಪಣ್ಣ ಮತ್ತು ಕುಸುಮಾ ಬಳ್ಳಾರಿಗೆ ಬರುತ್ತಾರೆ. ಕುಸುಮಾ ನಗುತ್ತಲೇ ಮಾತಾಡುತ್ತಾಳೆ, ಸೌಭಾಗ್ಯಳ ಮಗುವನ್ನು ಎತ್ತಿ ಆಡಿಸುತ್ತಾಳೆ. ಆದರೆ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ನೀರು ಬೇಕಾದರೂ ನಡುಮನೆಯಲ್ಲೇ ಕೂತು ಕೇಳುತ್ತಾಳೆ. ಎಲ್ಲರೊಂದಿಗೆ ಊಟಕ್ಕೆ ಕೂತು, ತಟ್ಟೆಗೆ ಬಿದ್ದದ್ದನ್ನು ತಿಂದು, ಬಹಳ ಚೆನ್ನಾಗಿತ್ತು ಅಕ್ಕ ಎಂದು ಹೇಳಿ ಏಳುತ್ತಾಳೆ. ಎಂಟು ವರ್ಷ ಆ ಮನೆಯವಳಾಗಿ ಇದ್ದವಳು ಈಗ ಅತಿಥಿಯಾಗಿ ಬಂದು ಹೋಗುತ್ತಾಳೆ. ಅವಳಿಗೆ ಬಡಿಸುವಾಗ ಸರ್ವಮಂಗಳಾ ಇನ್ನೂ ಸ್ವಲ್ಪ ಹಾಕಿಸಿಕೋ ಎನ್ನುತ್ತಾಳೆ.

ನೀತಿ: ಇನ್ನೊಬ್ಬರು ಮಾಡಿದ್ದನ್ನು ನಮ್ಮದೆಂದು ಹೇಳಿಕೊಳ್ಳಬಾರದು, ಅದು ಎಷ್ಟೇ ಸುಲಭದ ಕೆಲಸವಾಗಿರಲಿ. ನೂರು ಹೊಗಳಿಕೆ ಕಂಡವರಿಗೆ ಒಂದು ಹೆಚ್ಚಾದರೂ ಕಡಿಮೆಯಾದರೂ ಗೊತ್ತಾಗುವುದಿಲ್ಲ. ಒಂದೇ ಒಂದಕ್ಕೆ ಕಾದಿದ್ದವರಿಗೆ ಅದು ಹೋದರೆ ಎಲ್ಲವೂ ಹೋದಂತೆ. ಬಾಯಿ ತಪ್ಪಿ ಹಾಗೆ ಅಂದುಬಿಟ್ಟಿದ್ದರೆ ಅಲ್ಲೇ, ಅವರೆಲ್ಲರ ಎದುರಿಗೇ ತಿದ್ದಿಕೊಳ್ಳಿ. ತಡವಾಗಿ ಕೇಳಿದ ಕ್ಷಮೆ ಸಿಗಬಹುದು, ಕಳೆದುಕೊಂಡ ಸಲಿಗೆ ಸಿಗುವುದಿಲ್ಲ.