ಹುಡುಕಾಟ ಮನೆ ಬದಲಿಸಿದ್ದು

ಗಣಪತಿಯ ದಯೆ, ದೇವಸ್ಥಾನದ ವೆಬ್‌ಸೈಟಿನಲ್ಲಿ ಯಾವ ಸೇವೆ ಹುಡುಕಿದರೂ ಭಕ್ತರಿಗೆ ತಕ್ಷಣ ಸಿಗುತ್ತಿತ್ತು. ಈಗ ಆ ಹುಡುಕಾಟದ ಮಾಹಿತಿಯನ್ನೆಲ್ಲ ಬೇರೆ ಕಂಪನಿಯ ಕಂಪ್ಯೂಟರಿಗೆ ಸಾಗಿಸಬೇಕಿತ್ತು.

“ಹಳೆಯದನ್ನು ಇವತ್ತೇ ಮುಚ್ಚಿಬಿಡಮ್ಮ, ಹೊಸದು ನಿಧಾನಕ್ಕೆ ತುಂಬಲಿ. ಒಂದು ಕೆಲಸಕ್ಕೆ ಎರಡೆರಡು ಯಾಕೆ?” ಎಂದು ಗುಡುಗಿದರು ಆಡಳಿತಾಧಿಕಾರಿ ಶೇಷಗಿರಿರಾಯರು.

ಅಲ್ಲಿಯವರೆಗೆ ಹುಡುಕಿದವರಿಗೆ ಏನೂ ಸಿಗದಲ್ಲ ಎಂದು ಗುಮಾಸ್ತೆ ಕಮಲಾಕ್ಷಿಗೆ ಅನಿಸಿತು. ಆದರೂ ತಲೆಯಾಡಿಸಿದಳು.

“ಆಗಲಿ ರಾಯರೇ. ಗರ್ಭಗುಡಿ ರಿಪೇರಿಗೂ ಭಟ್ಟರಿಗೆ ಹಾಗೇ ಹೇಳಿಬರಲೇ? ಇವತ್ತೇ ಬೀಗ ಹಾಕಲಿ, ದೇವರನ್ನಿಡೋ ತಾತ್ಕಾಲಿಕ ಬಾಲಾಲಯ ನಿಧಾನಕ್ಕೆ ಕಟ್ಟಲಿ.”

“ರಾಮ ರಾಮ! ದೇವರನ್ನು ಬಾಲಾಲಯದಲ್ಲಿ ಕೂರಿಸಿ, ಅಲ್ಲಿ ಪೂಜೆ ಶುರುವಾದ ಮೇಲಲ್ಲವೇ ಇಲ್ಲಿ ಬಾಗಿಲು ಹಾಕೋದು?” ಎಂದವರು ತಡವರಿಸಿದರು. “ಅಂದರೆ... ಹಳೆಯದು ಇರಲಿ ಅಂತೀಯೇನಮ್ಮ? ಹಾಗಾದರೆ ಮಾಹಿತಿ ಇರೋದು ಇಲ್ಲೋ, ಅಲ್ಲೋ?”

“ಸದ್ಯಕ್ಕೆ ಎರಡೂ ಕಡೆ, ರಾಯರೇ. ಹೊಸದು ಪೂರ್ತಿ ತುಂಬಿದ ಮೇಲೆ ಹಳೆಯದನ್ನು ಮುಚ್ಚೋಣ.”

ರಾಯರಿಗೆ ತಲೆಬುಡ ತಿಳಿಯಲಿಲ್ಲ. ಕಂಪ್ಯೂಟರಿಗೊಮ್ಮೆ, ಅದರ ವೈರಿಗೊಮ್ಮೆ ಕೈಮುಗಿದು, ಭಕ್ತಿಯಿಂದ ಒಪ್ಪಿಗೆ ಕೊಟ್ಟರು.