ಘಾಟಿನ ಡಬ್ಬಿಯ ಜಂಬ

ಇನ್ನೊಮ್ಮೆ ಕಿತ್ತುಬಂದರೆ ತನಗೆ ಕಸದ ಬುಟ್ಟಿಯೇ ಗತಿ ಎಂದು ಚಪ್ಪಲಿಯ ಅಟ್ಟೆಗೆ ಗೊತ್ತಿತ್ತು. ರಿಪೇರಿ ಅಂಗಡಿಯಲ್ಲಿ ಅದು ಎರಡು ಅಂಟಿನ ಡಬ್ಬಿಗಳ ಮುಂದೆ ನಿಂತಿತು.

"ಬಾರೋ ತಮ್ಮಾ! ನನ್ನ ಘಾಟಿಗೆ ಬೀದಿಯೇ ತಲೆ ಹಿಡಿದುಕೊಳ್ಳುತ್ತದೆ. ಅಷ್ಟು ಶಕ್ತಿ ನನ್ನದು!" ಎಂದಿತು ಹಳೆಯ ಡಬ್ಬಿ.

ಅಟ್ಟೆ ಹೊಸ ಡಬ್ಬಿಯನ್ನು ಮೂಸಿತು. "ನಿನ್ನಲ್ಲಿ ಅಂಥ ಘಾಟೇ ಇಲ್ಲವಲ್ಲ ಅಣ್ಣಾ?"

"ಘಾಟು ಹಾರಿಹೋಗುವ ದ್ರಾವಕದ್ದು. ನಿನ್ನನ್ನು ಹಿಡಿಯುವುದು ಹಿಂದೆ ಉಳಿಯುವ ಅಂಟು. ತೆಳ್ಳಗೆ ಹಚ್ಚಿಸಿಕೊಂಡು ಕಾಯಬೇಕು, ಅವಸರ ಕೂಡದು."

"ಎಷ್ಟು ಹೊತ್ತು?"

"ಮುಟ್ಟಿದ ಬೆರಳಿಗೆ ಅಂಟದಂತಾಗುವವರೆಗೆ."

ಅಟ್ಟೆ ಹೊಸ ಡಬ್ಬಿಯ ಅಂಟನ್ನು ಹಚ್ಚಿಸಿಕೊಂಡು ಕಾದು, ಆಮೇಲೆ ಚಪ್ಪಲಿಯನ್ನು ಒತ್ತಿ ಹಿಡಿಯಿತು. ಸಂಜೆ ಮದುವೆಯ ದಿಬ್ಬಣದಲ್ಲಿ ಮನಸಾರೆ ಕುಣಿದು, ಕಿತ್ತುಬರದೆ ಮರಳಿತು.

ದಿನವಿಡೀ ಬಾಯಿ ತೆರೆದು ಘಾಟು ತೋರಿಸುತ್ತಿದ್ದ ಹಳೆಯ ಡಬ್ಬಿಯೊಳಗಿನ ಅಂಟು ಮಾತ್ರ ಅಷ್ಟರಲ್ಲಿ ಒಣಗಿ, ತನ್ನ ತಳಕ್ಕೆ ತಾನೇ ಕಚ್ಚಿಕೊಂಡಿತ್ತು.