ರುದ್ರಗೌಡರು ಕೈ ಎತ್ತಿದರು

“ಪ್ರಭು, ಕಾಲುವೆ ಪಕ್ಷಕ್ಕೆ ನಾಯಕ ಅಂತ ಆದರೆ ನಾನೇ ಆಗಬೇಕು. ಬೇರೆಯವರ ಹೆಸರಿಗೆ ಒಂದೇ ಒಂದು ಕೈ ಏಳಲಿ, ನೋಡೋಣ!”

ಹೊಸಗಡದ ರಾಜ ಸದಾಶಿವ ನಾಯಕರ ಎದುರು ಮೀಸೆ ತಿರುವುತ್ತಾ ಹೀಗೆಂದವರು ರುದ್ರಗೌಡರು.

ರಾಜರು ತಮ್ಮ ಸಂಸ್ಥಾನದಲ್ಲಿ ಪ್ರಜೆಗಳದ್ದೇ ಒಂದು ಸಭೆ ಮಾಡಿದ್ದರು. ಅದರೊಳಗಿನ ರೈತರ ಕಡೆಯವರೆಲ್ಲ ಸೇರಿ ಕಟ್ಟಿಕೊಂಡದ್ದು ಕಾಲುವೆ ಪಕ್ಷ. ಯಾವ ಊರಿಗೆ ಯಾವಾಗ ನೀರು ಬಿಡಬೇಕೆಂದು ಹೇಳುವವನು ಆ ಪಕ್ಷದ ನಾಯಕ. ಹಳೆಯ ನಾಯಕರು ವಯಸ್ಸಾಯಿತೆಂದು ಪದವಿ ಬಿಟ್ಟಿದ್ದರು. ಅವತ್ತಿನಿಂದ ಗೌಡರಿಗೆ ನಿದ್ದೆಯಿಲ್ಲ. ಅವರ ಕಬ್ಬಿನ ಗದ್ದೆಗಳೆಲ್ಲ ಕಾಲುವೆಯ ತಲೆಭಾಗದಲ್ಲೇ ಇದ್ದವು. ಅಧಿಕಾರವೂ ಸಿಕ್ಕಿಬಿಟ್ಟರೆ ಕೆಳಗಿನ ಊರುಗಳಿಗೆ ಉಳಿಯುವುದು ಬರೀ ಕೆಸರು.

“ಪ್ರಚಾರಕ್ಕೆ ನಿಮ್ಮ ಸಾಂಬಯ್ಯನನ್ನು ಕಳಿಸಿಕೊಡಿ ಪ್ರಭು. ಅವನ ನಾಲಿಗೆ ನನ್ನ ಕಡೆ ಇದ್ದರೆ ಸಾಕು,” ಎಂದರು ಗೌಡರು.

ಸಾಂಬಯ್ಯ ಆಸ್ಥಾನದ ಜಾಣ. ಅವನ ತಂಗಿಯನ್ನು ಕೊಟ್ಟದ್ದು ಕೆಳಗಿನ ಊರಿಗೇ. ಗೌಡರು ಗೆದ್ದರೆ ಅವಳ ಗದ್ದೆ ಒಣಗುವುದು ಖಂಡಿತ ಎಂದು ಅವನಿಗೆ ಗೊತ್ತಿತ್ತು. ಆದರೆ ರಾಜರು “ಹೋಗಿ ಬಾರಯ್ಯ” ಎಂದ ಮೇಲೆ ಇಲ್ಲವೆನ್ನುವ ಹಾಗಿರಲಿಲ್ಲ. ಗೌಡರ ಗಾಡಿ ಹತ್ತಿದ.

ಹೋದ ಊರಲ್ಲೆಲ್ಲ ಪಕ್ಷದ ಸದಸ್ಯರಿಗೆ ಹೋಳಿಗೆ ಊಟ. ಊಟವಾದ ಮೇಲೆ ಗೌಡರ ಭಾಷಣ. ಅದೂ ಎಲ್ಲ ಕಡೆ ಒಂದೇ. “ಯೋಚನೆ ಮಾಡಿ ತಲೆ ಕೆಡಿಸಿಕೊಳ್ಳಬೇಡಿ. ಚುನಾವಣೆಯ ದಿನ ನನ್ನ ಕೈ ಎದ್ದ ಕೂಡಲೆ ನಿಮ್ಮ ಕೈ ಏಳಬೇಕು. ಎಲ್ಲಿ, ಒಮ್ಮೆ ತೋರಿಸಿ!”

ಗೌಡರು ಕೈ ಎತ್ತುತ್ತಿದ್ದರು. ತಿಂದ ಕೈಗಳೆಲ್ಲ ತುಪ್ಪದ ಜಿಡ್ಡಿನ ಸಮೇತ ಮೇಲೇಳುತ್ತಿದ್ದವು. ತಡವಾದವನನ್ನು ಗೌಡರು ಹೆಸರು ಹಿಡಿದು ಗದರುತ್ತಿದ್ದರು.

ಒಂದು ಊರಲ್ಲಿ ಕೆಳಗಿನ ಊರಿನ ಸದಸ್ಯ ಹಾಲಪ್ಪ ಎಲೆಯ ಮುಂದೆ ಸುಮ್ಮನೆ ಕೂತಿದ್ದ.

“ಯಾಕಪ್ಪಾ, ಹೋಳಿಗೆ ಸೇರಲಿಲ್ಲವೆ?” ಎಂದ ಸಾಂಬಯ್ಯ.

“ಸೇರುತ್ತದೆ ಸ್ವಾಮಿ. ಇದನ್ನು ತಿಂದ ಮೇಲೆ ನೀರಿಗೆ ಯಾರ ಕಾಲು ಹಿಡಿಯಬೇಕೋ ಅನ್ನುವುದೇ ಚಿಂತೆ.”

“ವೈದ್ಯ ಗುರುಸಿದ್ದಯ್ಯನವರೂ ನಿಂತಿದ್ದಾರಲ್ಲ. ಅವರಿಗೆ ಕೈ ಎತ್ತು.”

“ಗೌಡರ ಕಣ್ಣೆದುರಿಗಾ?” ಹಾಲಪ್ಪ ಅತ್ತಿತ್ತ ನೋಡಿದ. “ಮನಸ್ಸೇನೋ ಅಲ್ಲೇ ಇದೆ. ಕೈ ಏಳುವುದಿಲ್ಲ ಸ್ವಾಮಿ.”

ಸಾಂಬಯ್ಯ ವಾಪಸ್ಸು ಬರುವಾಗ ಗಾಡಿಯಲ್ಲಿ ಮೆಲ್ಲಗೆ ಮಾತು ತೆಗೆದ. “ಗೌಡರೇ, ಹೋಳಿಗೆ ಅರಗಿಹೋಗುತ್ತದೆ. ಜನ ಮರೆಯದಂಥ ಮಾತೊಂದು ಬೇಕು. ಆ ದಿನ ಪ್ರಭುಗಳ ಎದುರಿಗೇ ಹೇಳಿ: ಕೈ ಎತ್ತುವ ಮೊದಲು ಪಕ್ಷದವರು ಯಾರೇ ಏನೇ ಕೇಳಲಿ, ನನ್ನ ಹತ್ತಿರ ಇದ್ದರೆ ಕೊಟ್ಟೇಬಿಡುತ್ತೇನೆ ಅಂತ.”

“ಗದ್ದೆ ಕೇಳಿಬಿಟ್ಟರೆ?”

“ನಿಮ್ಮೆದುರು ಎದ್ದು ನಿಂತು ಗದ್ದೆ ಕೇಳುವ ಎದೆ ಯಾರಿಗಿದೆ?”

ಗೌಡರು ಹೊಟ್ಟೆ ಕುಲುಕಿಸಿ ನಕ್ಕರು. “ಭಲೆ! ಪುಕ್ಕಟೆ ದಾನಶೂರ ಅನ್ನಿಸಿಕೊಳ್ಳಬಹುದು.”

ಮರುದಿನ ಸಾಂಬಯ್ಯ ವೈದ್ಯರ ಮನೆಗೆ ಹೋದ. ಗುರುಸಿದ್ದಯ್ಯನವರು ಬೇರು ಕುಟ್ಟುತ್ತಿದ್ದರು. ಅವರೂ ಪಕ್ಷದ ಸದಸ್ಯರೇ, ಆದರೆ ಮಹಾ ಬಿಗಿ ಮನುಷ್ಯ.

“ಸಭೆಯಲ್ಲಿ ಗೌಡರ ಹತ್ತಿರ ನೀವೊಂದು ಕೇಳಬೇಕು,” ಎಂದ ಸಾಂಬಯ್ಯ.

“ನಾನು ಹುಟ್ಟಿ ಇಲ್ಲಿಯವರೆಗೆ ಯಾರನ್ನೂ ಏನೂ ಬೇಡಿದವನಲ್ಲ. ನಡಿ, ನಡಿ!”

ಸಾಂಬಯ್ಯ ಬಗ್ಗಿ ಕಿವಿಯಲ್ಲಿ ಏನೋ ಹೇಳಿದ. ಕುಟ್ಟುತ್ತಿದ್ದ ಕೈ ನಿಂತಿತು.

“ಅದನ್ನಾದರೆ ಕೇಳಬಹುದು,” ಎಂದರು ವೈದ್ಯರು.

ಚುನಾವಣೆಯ ದಿನ ರಾಜರೇ ಬಂದು ಕೂತರು. ದಿವಾನರು ನಿಯಮ ಓದಿದರು. ಒಬ್ಬರಿಗೆ ಒಂದೇ ಸಲ ಕೈ ಎತ್ತುವ ಅವಕಾಶ. ಎತ್ತಿದ ಮೇಲೆ ಹಿಂದಕ್ಕೆ ಪಡೆಯುವ ಹಾಗಿಲ್ಲ. ಅಕ್ಷರದ ಕ್ರಮದಲ್ಲಿ ಮೊದಲು ಗುರುಸಿದ್ದಯ್ಯನವರ ಹೆಸರು, ಆಮೇಲೆ ಗೌಡರದು.

ಗೌಡರು ಎದ್ದು ನಿಂತು ಕಲಿತ ಮಾತನ್ನು ಗಟ್ಟಿಯಾಗಿ ಹೇಳಿದರು.

“ಇದು ಕೊಟ್ಟ ಮಾತು ತಾನೆ?” ರಾಜರು ಕೇಳಿದರು.

“ತಪ್ಪಿದರೆ ಊರೇ ಬಿಟ್ಟು ಹೋಗುತ್ತೇನೆ ಪ್ರಭು!”

ಕೇಳಲು ಯಾರೂ ಏಳಲಿಲ್ಲ. ಗೌಡರು ಗೆಲುವಿನ ನಗೆ ನಗುತ್ತಾ ಇನ್ನೇನು ಕೂರಬೇಕು, ಅಷ್ಟರಲ್ಲಿ ಗುರುಸಿದ್ದಯ್ಯನವರು ಎದ್ದರು.

“ಗೌಡರೇ, ನಿಮ್ಮ ಓಟು ನನಗೆ ಕೊಡಿ.”

ಗೌಡರು ಒಂದು ಕ್ಷಣ ತಬ್ಬಿಬ್ಬಾದರು. ಮರುಕ್ಷಣವೇ ಗಹಗಹಿಸಿ ನಕ್ಕರು. ಒಂದು ಓಟು ಹೋದರೇನಂತೆ, ಉಳಿದವೆಲ್ಲ ತಮ್ಮವೇ ಅಲ್ಲವೆ! “ಪಾಪ, ಪಂಡಿತರಿಗೆ ಒಂದು ಕೈಯಾದರೂ ಇರಲಿ. ಕೊಟ್ಟೆ!”

ದಿವಾನರು ಕೂಗಿದರು. “ಗುರುಸಿದ್ದಯ್ಯನವರ ಪರವಾಗಿ?”

ತಮ್ಮ ಔದಾರ್ಯ ಎಲ್ಲರಿಗೂ ಕಾಣಲೆಂದು ಗೌಡರು ತುದಿಗಾಲಲ್ಲಿ ನಿಂತು ಕೈಯನ್ನು ಮೇಲಕ್ಕೆ ಚಾಚಿದರು.

ಅಷ್ಟೇ! ಬೆನ್ನ ಹಿಂದೆ ಸರ್ರನೆ ಸದ್ದಾಯಿತು. ಹೋಳಿಗೆ ತಿಂದ ಕೈಗಳೆಲ್ಲ ಒಟ್ಟಿಗೆ ಮೇಲೆದ್ದಿದ್ದವು. ಕೆಲವರದು ರೂಢಿಯ ಬಲದಿಂದ, ಕೆಲವರದು ಗೌಡರ ಭಯದಿಂದ. ಹಾಲಪ್ಪನಂತೂ ಎರಡೂ ಕೈ ಎತ್ತಿದ್ದ. ದಿವಾನರು “ಒಂದು ಸಾಕಪ್ಪಾ” ಎನ್ನಬೇಕಾಯಿತು.

“ಇಳಿಸ್ರೋ! ಕೈ ಇಳಿಸ್ರೋ!” ಗೌಡರು ಅರಚಿದರು.

ಇಳಿಸಿ ಏನು ಪ್ರಯೋಜನ? ದಿವಾನರು ರುದ್ರಗೌಡರ ಹೆಸರು ಕೂಗಿದಾಗ ಎತ್ತಲು ಕೈಯೇ ಉಳಿದಿರಲಿಲ್ಲ.

ಹೊಸ ನಾಯಕರು ಭಾಷಣ ಮಾಡಲಿಲ್ಲ. “ನಾಳೆ ಮೊದಲ ನೀರು ಕೆಳಗಿನ ಊರುಗಳಿಗೆ,” ಎಂದಷ್ಟೇ ಹೇಳಿ ಕೂತರು. ಹಾಲಪ್ಪ ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡ.

ಗೌಡರು ಕೆಂಡವಾಗಿ ಸಾಂಬಯ್ಯನ ಕಡೆ ತಿರುಗಿದರು. “ನನ್ನ ಜೊತೆಗೇ ಇದ್ದು ಮೋಸ ಮಾಡಿದೆಯಾ? ನನ್ನನ್ನು ನಾಯಕ ಮಾಡು ಅಂತ ಕರೆದುಕೊಂಡು ಹೋದರೆ...”

ಸಾಂಬಯ್ಯ ಕೈಮುಗಿದ.

“ಮಾಡಿದೆನಲ್ಲ ಗೌಡರೇ! ನೀವು ಕೈ ಎತ್ತಿದಿರಿ, ಇಡೀ ಪಕ್ಷ ಹಿಂದೆ ಮುಂದೆ ನೋಡದೆ ಕೈ ಎತ್ತಿತು. ಜನ ಇಷ್ಟೊಂದು ಮಾತು ಕೇಳುವ ನಾಯಕನನ್ನು ಈ ಸಂಸ್ಥಾನ ಇನ್ನೂ ಕಂಡಿಲ್ಲ. ಪದವಿ ಒಂದು ತಪ್ಪಿತು, ಅಷ್ಟೇ!”

ರಾಜರು ನಕ್ಕ ರಭಸಕ್ಕೆ ಪೇಟ ಜಾರಿ ಮಡಿಲಿಗೆ ಬಿತ್ತು. ಅದನ್ನೇ ಎತ್ತಿ ಸಾಂಬಯ್ಯನ ತಲೆಗೆ ಇಟ್ಟುಬಿಟ್ಟರು.